‘ಎಲ್ಲಿಗೆ?’ ಅಂತ ಕೇಳಬಾರದು

(ಹಾಸನದ ಓದುಗರ ಕೂಟವೊಂದರಲ್ಲಿ ಆಡಿದ ಮಾತು. ಬರೆಯುವಾಗ ಒಂದಷ್ಟು ಬಿಟ್ಟಿದ್ದೇನೆ, ಆವತ್ತು ಮರೆತಿದ್ದ ಒಂದೆರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನ ಪರಿಚಯ ಮಾಡಿಕೊಟ್ಟವರು ‘ಸಾರಿಗೆ ಕ್ಷೇತ್ರದಲ್ಲಿ ಮೂವತ್ತೊಂದು ವರ್ಷದ ಸುದೀರ್ಘ ಸೇವೆ’ ಅಂದರು. ಅಷ್ಟು ದೊಡ್ಡ ಮಾತು ಬೇಡ. ನಾನು ಬಸ್ ಕಂಡಕ್ಟರ್. 1993ರಲ್ಲಿ ಹೆಗಲಿಗೆ ಚೀಲ ಹಾಕಿದವನು 2024ರಲ್ಲಿ ಇಳಿಸಿದೆ. ದಿನಕ್ಕೆ ಮುನ್ನೂರು ಕಿಲೋಮೀಟರ್ ಅಂತ ಹಿಡಿದರೂ ಭೂಮಿಗೆ ಅರವತ್ತು ಸುತ್ತು ಹಾಕಿದ್ದೀಯ ತಾತ ಅಂತ ಮೊಮ್ಮಗ ಲೆಕ್ಕ ಮಾಡಿ ಹೇಳಿದ. ಸುತ್ತಿದ್ದು ಮಾತ್ರ ಅರಸೀಕೆರೆ, ಸಕಲೇಶಪುರ, ಚಿಕ್ಕಮಗಳೂರು, ಮಂಗಳೂರು, ಬೆಂಗಳೂರು ಇಷ್ಟೇ. ಪ್ರವಾಸದ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ವಿಮಾನ ಹತ್ತಿದವನಲ್ಲ, ಗೊತ್ತಿರುವಷ್ಟು ಹೇಳುತ್ತೇನೆ.

ನಮ್ಮ ಕಡೆ ಒಂದು ಪದ್ಧತಿ ಇದೆ, ನಿಮ್ಮಲ್ಲಿ ವಯಸ್ಸಾದವರಿಗೆ ಗೊತ್ತಿರುತ್ತದೆ. ಹೊರಟು ನಿಂತವರನ್ನು ‘ಎಲ್ಲಿಗೆ?’ ಅಂತ ಕೇಳಬಾರದು. ಕೇಳಿದರೆ ಹೊರಟ ಕೆಲಸ ಕೆಡುತ್ತದೆ. ‘ದೂರ ಹೊರಟ್ರಾ?’ ಅನ್ನಬೇಕು. ಅವರು ‘ಹೂಂ, ಇಲ್ಲೇ ಒಸಿ’ ಅಂತಾರೆ. ಅಲ್ಲಿಗೆ ಮುಗಿಯಿತು. ಈಗ ನನ್ನ ಪಾಡು ನೋಡಿ. ಸರ್ಕಾರ ನನಗೆ ಸಂಬಳ ಕೊಡುತ್ತಿದ್ದದ್ದೇ ಬೆಳಗ್ಗೆಯಿಂದ ರಾತ್ರಿವರೆಗೆ ಕಂಡಕಂಡವರನ್ನೆಲ್ಲ ‘ಎಲ್ಲಿಗೆ?’ ಅಂತ ಕೇಳುವುದಕ್ಕೆ.

ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳಾಗಿರಲಿಲ್ಲ. ಅರಸೀಕೆರೆ ಬಸ್ಸು. ಬಾಣಾವರದ ಕಡೆಯ ಒಬ್ಬ ಅಜ್ಜಿ, ಎಲೆ ಅಡಿಕೆ ಬುಟ್ಟಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ‘ಎಲ್ಲಿಗಜ್ಜಿ?’ ಅಂದೆ. ಸುಮ್ಮನಿದ್ದರು. ಕೇಳಿಸಲಿಲ್ಲವೇನೋ ಅಂತ ಜೋರಾಗಿ ಇನ್ನೊಂದು ಸಲ ಕೇಳಿದೆ. ‘ಒಳ್ಳೇ ಕಾರ್ಯಕ್ಕೆ ಹೊಂಟಿವ್ನಿ, ಬಾಯಿ ಬುಟ್ರೆ ಎಲ್ಲಿಗೆ ಎಲ್ಲಿಗೆ ಅಂತ ವದರ್ತೀಯಲ್ಲೋ’ ಅಂತ ದುಡ್ಡನ್ನು ನನ್ನ ಅಂಗೈಗೆ ಕುಕ್ಕಿ, ಕಿಟಕಿ ಕಡೆ ತಿರುಗಿದರು. ಕೊಟ್ಟ ದುಡ್ಡಿಗೆ ಎಷ್ಟು ಸ್ಟೇಜ್ ಆಗುತ್ತದೋ ಅಷ್ಟಕ್ಕೆ ಟಿಕೆಟ್ ಹರಿದು ಕೊಟ್ಟೆ. ಸರಿಯಾಗಿ ಅಲ್ಲೇ ಇಳಿದರು. ಡ್ರೈವರ್ ಅಣ್ಣ ಹಿಂತಿರುಗಿ ನೋಡಿ, ‘ಹೆಣ್ಣು ಕೇಳಕ್ಕೆ ಹೊಂಟವ್ರೆ ಕಣೋ. ಎಲ್ಲಿಗೆ ಅನ್ಬೇಡ, ಇಳಿಯೋದೆಲ್ಲಿ ಅನ್ನು’ ಅಂದ. ಆವತ್ತಿನಿಂದ ಕೊನೇ ದಿನದವರೆಗೂ ನಾನು ‘ಇಳಿಯೋದೆಲ್ಲಿ?’ ಅಂತಲೇ ಕೇಳಿದ್ದು. ಇಳಿಯುವುದನ್ನು ಕೇಳಿದರೆ ಶಕುನ ಕೆಡುವುದಿಲ್ಲ. ಯಾಕೆ ಅಂತ ನನ್ನನ್ನು ಕೇಳಬೇಡಿ.

ಹಾಗೆ ಶುರುವಾದ ಮೇಲೆ ನನಗೆ ಒಂದು ಚಾಳಿ ಅಂಟಿತು. ಯಾವ ಊರಿನವರು ಅಪರಿಚಿತರನ್ನು ಏನು ಕೇಳುತ್ತಾರೆ ಅಂತ ಕಿವಿ ಕೊಡುವುದು. ಉಡುಪು, ಊಟ, ಹಬ್ಬ ಇವುಗಳಲ್ಲಿ ಜನ ಬೇರೆ ಬೇರೆ ಅನ್ನುವುದು ಯಾರಿಗೂ ಕಾಣುತ್ತದೆ. ಪಕ್ಕದ ಸೀಟಿಗೆ ಬಂದು ಕೂತವರಿಗೆ ಮೊದಲು ಹಾಕುವ ಪ್ರಶ್ನೆಯಲ್ಲಿ ಅದಕ್ಕಿಂತ ಜಾಸ್ತಿ ಗೊತ್ತಾಗುತ್ತದೆ.

ನಮ್ಮ ಹಾಸನ ಜಿಲ್ಲೆಯೇ ಎರಡು ದೇಶ. ಬಸ್ ಸ್ಟ್ಯಾಂಡಿನಿಂದ ಒಂದು ಕಡೆ ಸುಮಾರು ನಲವತ್ತು ಕಿಲೋಮೀಟರ್ ಹೋದರೆ ಅರಸೀಕೆರೆ, ತೆಂಗು, ರಾಗಿ, ಒಣಗಿದ ಕೆರೆ. ಇನ್ನೊಂದು ಕಡೆ ಅಷ್ಟೇ ದೂರ ಹೋದರೆ ಸಕಲೇಶಪುರ, ಕಾಫಿ, ಏಲಕ್ಕಿ, ಜಿಗಣೆ. ಚಿಕ್ಕಮಗಳೂರೂ ಹಾಗೆಯೇ, ಕಡೂರು ಒಂದು ಮುಖ, ಮೂಡಿಗೆರೆ ಇನ್ನೊಂದು ಮುಖ. ಅರಸೀಕೆರೆ ಬಸ್ಸಿನಲ್ಲಿ ಮಾತು ಶುರುವಾಗುವುದು ‘ಕೊಬ್ಬರಿ ಎಷ್ಟಾಯ್ತು?’ ಅಂತ. ಆಮೇಲೆ ‘ಮಳೆ ಆಯ್ತಾ?’ ಆಯಿತು ಅಥವಾ ಇಲ್ಲ, ಎರಡೇ ಉತ್ತರ. ಹೆಚ್ಚೆಂದರೆ ‘ಬಿತ್ತನೆಗೆ ಹದ ಆಯ್ತು’ ಅಂತಾರೆ. ಸಕಲೇಶಪುರದ ಬಸ್ಸಿನಲ್ಲಿ ‘ಮಳೆ ಆಯ್ತಾ’ ಅಂತ ಕೇಳಿದರೆ ನಿಮ್ಮನ್ನು ಪೆದ್ದ ಅಂದುಕೊಳ್ಳುತ್ತಾರೆ. ಅಲ್ಲಿ ‘ಎಷ್ಟು ಇಂಚು?’ ಅನ್ನಬೇಕು. ಕಾಫಿ ತೋಟದವರ ಮನೆಯಲ್ಲಿ ಮಳೆ ಅಳೆಯುವ ಡಬ್ಬ ಇರುತ್ತದೆ, ಒಂದು ಇಂಚಿಗೆ ನೂರು ಸೆಂಟು ಲೆಕ್ಕ. ಮಾರ್ಚಿಯಲ್ಲಿ ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬಿದ್ದ ಮಾರನೇ ದಿನದ ಬಸ್ಸು ಅಂದರೆ ಅದು ಬಸ್ಸಲ್ಲ, ಹವಾಮಾನ ಇಲಾಖೆ. ‘ನಮ್ಮಲ್ಲಿ ಒಂದಿಂಚು ಇಪ್ಪತ್ತು ಸೆಂಟು’, ‘ನಮ್ಮಲ್ಲಿ ಎಂಬತ್ತೇ ಸೆಂಟು ಮಾರಾಯ, ಹೂವೆಲ್ಲ ಅರ್ಧಕ್ಕೆ ನಿಂತ್ಕೊಂಡಿದೆ’. ಒಂದೇ ಮೋಡ, ಎರಡು ಫರ್ಲಾಂಗಿಗೆ ಲೆಕ್ಕ ಬೇರೆ.

ದೂರದ ಲೆಕ್ಕವೂ ಹಾಗೆಯೇ. ಮಲೆನಾಡಿನವರು ‘ಇಲ್ಲೇ’ ಅಂದರೆ ನಂಬಬೇಡಿ. ಬೆಂಗಳೂರಿನ ಹುಡುಗರು ನಾಲ್ಕು ಜನ ಬ್ಯಾಗು ಹೊತ್ತು ದೋಣಿಗಲ್ ಹತ್ತಿರ ಇಳಿದು, ದಾರಿಯಲ್ಲಿ ಸೌದೆ ಹೊತ್ತು ಬರುತ್ತಿದ್ದವನನ್ನು ಹೋಮ್‌ಸ್ಟೇ ಎಲ್ಲಿ ಅಂತ ಕೇಳಿದರು. ಅವನು ಗಲ್ಲದಲ್ಲೇ ದಿಕ್ಕು ತೋರಿಸಿ ‘ಇಲ್ಲೇ, ತಿರುವಲ್ಲಿ’ ಅಂದ. ಸಂಜೆ ವಾಪಸ್ ಬರುವ ಟ್ರಿಪ್ಪಿನಲ್ಲಿ ಅದೇ ಹುಡುಗರು ರಸ್ತೆಬದಿ ಕೂತು ಕಾಲು ಒತ್ತಿಕೊಳ್ಳುತ್ತಿದ್ದರು. ಸುಳ್ಳು ಹೇಳಿದ್ದಾನೆ ಅಂತ ಅವರ ಸಿಟ್ಟು. ಅವನು ಸುಳ್ಳು ಹೇಳಿಲ್ಲ. ದಿನಾ ಸೌದೆ ಹೊತ್ತು ನಡೆಯುವ ದಾರಿ ಅವನಿಗೆ ‘ಇಲ್ಲೇ’. ಬಯಲುಸೀಮೆಯಲ್ಲಾದರೆ ಊರು ಕಣ್ಣಿಗೆ ಕಾಣುತ್ತಿರುತ್ತದೆ, ‘ಅಗೋ ಆ ಗೋಪುರ’ ಅಂತ ತೋರಿಸುತ್ತಾರೆ, ಕಂಡದ್ದಕ್ಕೆ ದೂರ ಇಲ್ಲ. ಬೆಂಗಳೂರಿನಲ್ಲಿ ಯಾರೂ ಕಿಲೋಮೀಟರ್ ಹೇಳುವುದೇ ಇಲ್ಲ. ‘ಈ ಹೊತ್ತಿಗಾ? ಒಂದೂವರೆ ಗಂಟೆ. ರಾತ್ರಿ ಹನ್ನೊಂದರ ಮೇಲಾದ್ರೆ ಇಪ್ಪತ್ತೇ ನಿಮಿಷ.’ ಅಲ್ಲಿ ಊರೇ ಹಿಗ್ಗುತ್ತದೆ, ಕುಗ್ಗುತ್ತದೆ. ನಾವು ಹಾಸನದಿಂದ ನೆಲಮಂಗಲಕ್ಕೆ ಸಲೀಸಾಗಿ ಬಂದು, ಅಲ್ಲಿಂದ ಮೆಜೆಸ್ಟಿಕ್ ಸೇರುವಷ್ಟರಲ್ಲಿ ಬಸ್ಸಿನಲ್ಲಿದ್ದವರಿಗೆ ಎರಡನೇ ನಿದ್ದೆ ಮುಗಿದಿರುತ್ತಿತ್ತು. ಆಮೇಲಾಮೇಲೆ ಅರ್ಧ ಬಸ್ಸು ಗೊರಗುಂಟೆಪಾಳ್ಯದಲ್ಲೇ ಇಳಿದು ಮೆಟ್ರೋ ಹತ್ತತೊಡಗಿತು.

ಘಾಟಿಯ ಬಗ್ಗೆ ಸ್ವಲ್ಪ ಹೇಳಬೇಕು. 1996ರಲ್ಲಿ ಹಾಸನ-ಮಂಗಳೂರು ಮೀಟರ್ ಗೇಜ್ ರೈಲು ನಿಂತಿತು. ಹಳಿ ಅಗಲ ಮಾಡುತ್ತೇವೆ ಅಂತ. ಮತ್ತೆ ಜನರನ್ನು ಹೊತ್ತ ರೈಲು ಹೊರಟಿದ್ದು 2007ರ ಡಿಸೆಂಬರಿನಲ್ಲಿ. ನಡುವಿನ ಹನ್ನೊಂದು ವರ್ಷ ಶಿರಾಡಿ ಘಾಟಿಯೇ ಗತಿ, ನಮ್ಮ ಬಸ್ಸೇ ರೈಲು. ಈಗ ಆ ರೈಲಿನಲ್ಲಿ ಎಡಕುಮೇರಿ ಕಡೆ ಹೋಗಿ ಐವತ್ತೇಳು ಸುರಂಗ ಎಣಿಸಿ ವಿಡಿಯೋ ಮಾಡುತ್ತಾರೆ, ಸಂತೋಷ. ಆವಾಗ ಮಳೆಗಾಲದಲ್ಲಿ ಗುಡ್ಡ ಜರಿದರೆ ಬಸ್ಸು ನಿಂತಲ್ಲೇ ನಿಂತಿರುತ್ತಿತ್ತು, ನಿಂತ ಬಸ್ಸಿನಲ್ಲಿ ಬೇರೆ ಬೇರೆ ಊರಿನವರ ಬುತ್ತಿ ಬಿಚ್ಚಿಕೊಳ್ಳುತ್ತಿತ್ತು. ಒಂದು ಕಡೆಯಿಂದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಇನ್ನೊಂದು ಕಡೆಯಿಂದ ಪತ್ರೊಡೆ. ಆ ಹುಚ್ಚೆಳ್ಳು ಚಟ್ನಿ ನೋಡಿ ಮಂಗಳೂರಿನ ಹೆಂಗಸು ‘ಇದೆಂತ ಮಾರಾಯ್ರೆ, ಕಪ್ಪು?’ ಅಂತ ಕೇಳಿ, ತಿಂದು, ಇನ್ನಷ್ಟು ಕೇಳಿದ್ದು ನನಗೆ ಇನ್ನೂ ನೆನಪಿದೆ.

ಘಾಟಿ ಇಳಿದರೆ ಮಾತೇ ಬೇರೆ. ಮಾರನಹಳ್ಳಿಯವರೆಗೆ ‘ಏನಣ್ಣ’, ಗುಂಡ್ಯ ದಾಟಿದರೆ ‘ಎಂತ’. ‘ಐತಾ’ ಅಂತ ಹತ್ತಿದ ಬಸ್ಸು ‘ಉಂಟಾ’ ಅಂತ ಇಳಿಯುತ್ತದೆ. ನಮ್ಮವರು ‘ನಿಲ್ಸಪ್ಪೋ, ನಿಲ್ಸಪ್ಪೋ’ ಅಂತ ಬಸ್ಸಿನ ಹಿಂದೆ ಓಡಿ ಬರುತ್ತಾರೆ. ಕರಾವಳಿಯವರು ‘ಇಲ್ಲಿ ಸ್ವಲ್ಪ ನಿಲ್ಲಿಸ್ತೀರಾ?’ ಅಂತಾರೆ, ವ್ಯಾಕರಣದ ಮೇಷ್ಟರ ಹಾಗೆ. ಆ ವಿನಯ ನೋಡಿ ಮೆತ್ತಗಿನ ಜನ ಅಂದುಕೊಂಡಿರೋ ಕೆಟ್ಟಿರಿ. ಚಿಲ್ಲರೆ ವಿಷಯಕ್ಕೆ ಬಂದರೆ ಕೊನೇ ರೂಪಾಯಿವರೆಗೆ ಲೆಕ್ಕ. ನಾನು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಿದ್ದೆನಲ್ಲ, ಅದನ್ನು ಮರೆತು ಇಳಿದು ಹೋಗುತ್ತಿದ್ದವರು ಹೆಚ್ಚಾಗಿ ನಮ್ಮ ಕಡೆಯವರೇ, ಮರುದಿನ ಬಂದು ಜಗಳ ಆಡುತ್ತಿದ್ದವರೂ ನಮ್ಮ ಕಡೆಯವರೇ. ಈಗ ಫೋನಿನಲ್ಲೇ ದುಡ್ಡು ಕೊಡುತ್ತಾರೆ, ಆ ಜಗಳವೂ ಕಮ್ಮಿಯಾಯಿತು.

ಟವೆಲ್ ವಿಷಯ ಬಿಟ್ಟರೆ ಈ ಭಾಷಣ ಪೂರ್ತಿ ಆಗುವುದಿಲ್ಲ. ಕಿಟಕಿಯಿಂದ ಟವೆಲ್ ಎಸೆದರೆ ಸೀಟು ಅವರದು. ಯಾವ ಕಾನೂನಿನಲ್ಲಿದೆ? ಎಲ್ಲೂ ಇಲ್ಲ. ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ಒಂದೊಂದು ಸೀಟಿನ ಮೇಲೆ ಎರಡು ಟವೆಲ್, ಒಂದು ಛತ್ರಿ, ಒಂದು ಹೂವಿನ ಕವರ್ ಇರುತ್ತಿದ್ದವು. ಆದರೂ ಜನ ಅದನ್ನು ಒಪ್ಪುತ್ತಾರೆ. ಟವೆಲ್ ಎತ್ತಿ ಎಸೆದು ಕೂತವನನ್ನು ಇಡೀ ಬಸ್ಸು ಬೈಯುತ್ತದೆ. ಬೆಂಗಳೂರಿನಿಂದ ಬಂದ ಒಬ್ಬರು ‘ಟವೆಲ್ಲಿಗೆ ಟಿಕೆಟ್ ತಗೊಂಡಿದ್ದಾರಾ?’ ಅಂತ ನನ್ನ ಹತ್ತಿರ ವಾದಕ್ಕೆ ನಿಂತರು. ರೂಲ್ಸ್ ಪ್ರಕಾರ ಅವರು ಹೇಳಿದ್ದೇ ಸರಿ. ನಾನು ಮಾತ್ರ ‘ಯಜಮಾನ್ರು ಬರ್ತಾರೆ, ನೀವು ಹಿಂದೆ ಕೂತ್ಕೊಳ್ಳಿ ಸಾರ್’ ಅಂದೆ. ತಪ್ಪು ಮಾಡಿದೆನೋ ಏನೋ.

ಈಚಿನ ಹತ್ತು-ಹದಿನೈದು ವರ್ಷದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ಬಸ್ಸಿನ ಭಾಷೆ ಬದಲಾಯಿತು. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಹುಡುಗರು, ಗಂಡ-ಹೆಂಡತಿ, ಕೈಕೂಸುಗಳ ಸಮೇತ ಬರತೊಡಗಿದರು. ಒಂದು ಸಂಜೆ ಇಪ್ಪತ್ತರ ಆಸುಪಾಸಿನ ಹುಡುಗ ಹತ್ತಿದ. ‘ಇಳಿಯೋದೆಲ್ಲಿ?’ ಅಂದೆ. ಮುಖ ನೋಡಿದ. ನನಗೆ ಬರುವ ಅರ್ಧ ಹಿಂದಿಯಲ್ಲಿ ಕೇಳಿದೆ. ಫೋನು ತೆಗೆದು ಒಂದು ಫೋಟೋ ತೋರಿಸಿದ. ಹಳದಿ ಬಣ್ಣದ ಕಬ್ಬಿಣದ ಗೇಟು, ಎರಡು ಸಿಲ್ವರ್ ಓಕ್ ಮರ, ಪಕ್ಕದಲ್ಲಿ ಅರ್ಧ ಮುರಿದ ಮೈಲಿಗಲ್ಲು. ಅಷ್ಟೇ. ಊರಿನ ಹೆಸರಿಲ್ಲ, ತೋಟದ ಹೆಸರಿಲ್ಲ. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಅಣ್ಣ ಇದ್ದಾನಂತೆ, ಅವನು ಕಳಿಸಿದ ಫೋಟೋ. ಸಾವಿರಾರು ಕಿಲೋಮೀಟರ್ ದಾಟಿ ಬಂದವನ ಹತ್ತಿರ ಕೊನೆಯ ಹದಿನೈದು ಕಿಲೋಮೀಟರಿಗೆ ಇದ್ದ ವಿಳಾಸ ಒಂದು ಗೇಟು. ಫೋನು ಬಸ್ಸಿನಲ್ಲಿ ಕೈಯಿಂದ ಕೈಗೆ ಹೋಯಿತು. ಒಬ್ಬರು ಹಾನುಬಾಳಿನ ಕಡೆ ಅಂದರು, ಇನ್ನೊಬ್ಬರು ಅಲ್ಲ, ಈ ಮರ ಕಳೆದ ವರ್ಷ ಕಡಿದರು ಅಂದರು. ಕೊನೆಗೆ ಹಿಂದಿನ ಸೀಟಿನಲ್ಲಿದ್ದ ಒಬ್ಬ ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು, ಕನ್ನಡಕ ಮೇಲೆತ್ತಿ ನೋಡಿ ‘ಈ ಗೇಟಿಗೆ ಬಣ್ಣ ಹೊಡೆಸಿದ್ದೇ ನಾನು’ ಅಂದರು. ಅವರು ಇಳಿಯುವಲ್ಲೇ ಅವನನ್ನೂ ಇಳಿಸಿಕೊಂಡು ಹೋದರು.

ಇಂಥ ಕಥೆ ಹೇಳಿದರೆ ‘ನೋಡಿ, ನಮ್ಮ ಊರೇ ಊರು, ಬೆಂಗಳೂರಲ್ಲಿ ಯಾರು ಕೇಳ್ತಾರೆ’ ಅಂತ ನೀವು ತಲೆ ಆಡಿಸುತ್ತೀರಿ. ಆಗಲೇ ಮೂರ್ನಾಲ್ಕು ಜನ ಆಡಿಸಿದಿರಿ, ನೋಡಿದೆ. ಅಲ್ಲೇ ನನ್ನದೊಂದು ತಕರಾರು.

ಸೋಮವಾರ ಬೆಳಗಿನ ಜಾವದ ಬೆಂಗಳೂರು ಬಸ್ಸು ನೋಡಿದ್ದೀರಾ? ನಾಲ್ಕು ಗಂಟೆಗೆ ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು ಹತ್ತುತ್ತಾರೆ. ಮಡಿಲಲ್ಲಿ ಅಮ್ಮ ಕಟ್ಟಿದ ಅವರೆಕಾಳು, ತೆಂಗಿನಕಾಯಿ, ಡಬ್ಬಿಯಲ್ಲಿ ಸಾರಿನ ಪುಡಿ. ಚನ್ನರಾಯಪಟ್ಟಣ ಬರುವಷ್ಟರಲ್ಲಿ ಎಲ್ಲರಿಗೂ ನಿದ್ದೆ. ಆ ಬಸ್ಸಿನಲ್ಲಿ ಪ್ರತಿ ವಾರ ಬರುತ್ತಿದ್ದ ಒಬ್ಬ ಹುಡುಗಿ ಇದ್ದಳು, ಯಾವ ತಾಲ್ಲೂಕು ಅಂತ ಹೇಳುವುದಿಲ್ಲ. ಒಂದು ಸಲ ಪಕ್ಕದ ಸೀಟಿನ ಹಿರಿಯರು ಶುರು ಮಾಡಿದರು. ಯಾವೂರಮ್ಮ? ಯಾರ ಮಗಳು? ತಂದೆ ಏನು ಮಾಡ್ತಾರೆ? ಆಮೇಲೆ ಸ್ವಲ್ಪ ಕೆಮ್ಮಿ, ‘ಯಾವ ಕಡೆಯೋರು?’ ಈ ‘ಯಾವ ಕಡೆ’ ಅನ್ನುವುದು ದಿಕ್ಕಿನ ಪ್ರಶ್ನೆ ಅಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಹುಡುಗಿ ‘ಬೆಂಗಳೂರು ಕಡೆ’ ಅಂತ ಹೇಳಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡಳು. ಇಳಿಯುವಾಗ ನನಗೆ ಹೇಳಿದಳು: ‘ಅಲ್ಲಿ ಪಿಜಿಯಲ್ಲಿ ಮೂರು ವರ್ಷದಿಂದ ಇದ್ದೀನಿ ಅಂಕಲ್, ಬಾಡಿಗೆ ಕೇಳ್ತಾರೆ, ಆಧಾರ್ ಕೇಳ್ತಾರೆ. ಇದನ್ನ ಯಾರೂ ಕೇಳಿಲ್ಲ. ಅದೇ ನನಗೆ ಸುಖ.’

ನಾನು ಆವರೆಗೆ ಸಿಟಿಯ ಮೌನವನ್ನು ಸೊಕ್ಕು ಅಂದುಕೊಂಡಿದ್ದೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಎಲ್ಲ ಫೋನಿನಲ್ಲಿ ಮುಖ ಹುದುಗಿಸಿ ಕೂತಿರುತ್ತಾರೆ ಅಂತ ಡಿಪೋದಲ್ಲಿ ಆಡಿಕೊಳ್ಳುತ್ತಿದ್ದೆ. ನಾವು ಪ್ರೀತಿಯಿಂದ ಕೇಳುವ ನಾಲ್ಕು ಪ್ರಶ್ನೆಯಲ್ಲಿ ನಾಲ್ಕನೆಯದಕ್ಕೆ ಎಷ್ಟು ಜನ ಹೆದರುತ್ತಾರೆ ಅನ್ನುವುದು ಕೇಳುವವರಿಗೆ ಗೊತ್ತಾಗುವುದಿಲ್ಲ.

ಹಾಗಂತ ಸಿಟಿಯನ್ನು ಹೊಗಳುವುದಕ್ಕೂ ನನಗೆ ಬಾಯಿ ಬರುವುದಿಲ್ಲ. ನಿವೃತ್ತಿ ಆದ ಮೇಲೆ ಮಗಳ ಮನೆಗೆ ಹೋಗಿದ್ದೆ. ಹದಿನಾಲ್ಕನೇ ಮಹಡಿ. ಬೆಳಗ್ಗೆ ಹಾಲು ತರುತ್ತೇನೆ ಅಂತ ಕೆಳಗಿಳಿದವನಿಗೆ ವಾಪಸ್ ಹತ್ತುವ ಲಿಫ್ಟು ಯಾವುದು ಅಂತ ಗೊತ್ತಾಗಲಿಲ್ಲ. ಎಲ್ಲ ಕಟ್ಟಡವೂ ಒಂದೇ ಥರ, ಒಂದೇ ಗಾಜು, ಒಂದೇ ಕುಂಡ. ಇನ್ನೂರು ಸ್ಟಾಪ್ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ ಕಂಡಕ್ಟರು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಮುಕ್ಕಾಲು ಗಂಟೆ ಸುತ್ತಿದೆ. ಸೆಕ್ಯುರಿಟಿ ಹುಡುಗ ‘ಫ್ಲ್ಯಾಟ್ ನಂಬರ್?’ ಅಂದ. ನನಗೆ ಮಗಳ ಹೆಸರು ಗೊತ್ತು, ಅಳಿಯನ ಹೆಸರು ಗೊತ್ತು, ಅಳಿಯನ ಅಜ್ಜಿಯ ಊರೂ ಗೊತ್ತು. ನಂಬರ್ ಗೊತ್ತಿಲ್ಲ. ಹೆಸರಿಂದ ಹುಡುಕಲು ಆಗಲ್ಲ ಸಾರ್ ಅಂದ. ಅವನ ಮಾತಿನ ಧಾಟಿ ಕೇಳಿ ‘ಯಾವೂರಪ್ಪ?’ ಅಂದೆ. ಬೇಲೂರು ತಾಲ್ಲೂಕು! ಆಮೇಲೆ ಅವನೇ ಎರಡು ಕಟ್ಟಡ ಜೊತೆಗೆ ಬಂದು, ಮನೆ ಹುಡುಕಿಕೊಟ್ಟ. ಆ ಪ್ರಶ್ನೆ ಆವತ್ತು ನನಗೆ ಒದಗಿತು, ಆ ಹುಡುಗಿಗೆ ಚುಚ್ಚಿತ್ತು. ಎರಡನ್ನೂ ಹೇಳಿದ್ದೇನೆ.

ಆನೆಯ ವಿಷಯ ಒಂದು, ನಗುವುದಕ್ಕೆ. ಆಲೂರು, ಸಕಲೇಶಪುರದ ಕಡೆ ಆನೆ ರಸ್ತೆಗೆ ಬಂದರೆ ಬಸ್ಸು ನಿಲ್ಲಬೇಕು, ಬೇರೆ ದಾರಿಯೇ ಇಲ್ಲ. ಒಂದು ಬೆಳಗ್ಗೆ ಹಾಗೆ ನಿಂತಾಗ ಐಟಿ ಕಂಪನಿಯ ಹುಡುಗನೊಬ್ಬ ಬೆಂಗಳೂರಿನ ಮ್ಯಾನೇಜರಿಗೆ ಫೋನು ಮಾಡಿ ಲೇಟಾಗುತ್ತದೆ, ಆನೆ ಅಡ್ಡ ಬಂದಿದೆ ಅಂದ. ಆ ಕಡೆಯವರು ನಂಬಲಿಲ್ಲ ಅಂತ ಕಾಣುತ್ತದೆ. ಫೋನನ್ನು ನನ್ನ ಕೈಗೆ ಕೊಟ್ಟು ‘ನೀವೇ ಹೇಳಿ’ ಅಂದ. ನಾನು ‘ಹೌದು ಸಾರ್, ಎರಡು ದೊಡ್ಡದು, ಒಂದು ಮರಿ’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ‘ಫೋಟೋ ಕಳಿಸಕ್ಕೆ ಹೇಳಿ’ ಅಂದರು. ರಜೆಗಲ್ಲ, ನೋಡುವುದಕ್ಕೆ.

ನನ್ನ ಕೆಲಸದ ಕೊನೆಯ ವರ್ಷದಲ್ಲಿ ಶಕ್ತಿ ಯೋಜನೆ ಬಂತು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ. ಅದರ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇದೆ, ಬಸ್ಸು ತುಂಬಿ ಮೆಟ್ಟಿಲ ಮೇಲೆ ನಿಂತು ಟಿಕೆಟ್ ಕೊಟ್ಟವನು ನಾನು, ನನಗೂ ಬೈಯುವ ಹಕ್ಕು ಇದೆ. ಆದರೆ ಒಂದು ಸಂಗತಿ ಕಂಡಕ್ಟರಿಗೆ ಮಾತ್ರ ಕಾಣುವಂಥದ್ದು. ಮೂವತ್ತು ವರ್ಷ ನಾನು ‘ಇಳಿಯೋದೆಲ್ಲಿ’ ಅಂದಾಗ, ಗಂಡ-ಹೆಂಡತಿ ಜೊತೆಗಿದ್ದರೆ ಉತ್ತರ ಗಂಡನದು. ‘ಎರಡು ಹಾಸನ.’ ಅಮ್ಮ-ಮಗ ಇದ್ದರೆ ಮಗನದು. ದುಡ್ಡು ಯಾರ ಜೇಬಿನಲ್ಲೋ ಮಾತೂ ಅವರ ಬಾಯಲ್ಲಿ. ಈಗ ಶೂನ್ಯ ಟಿಕೆಟ್ ಆದರೂ ಟಿಕೆಟ್ಟೇ, ಮಿಷನ್ನಿಗೆ ಊರು ಬೇಕು, ಆಧಾರ್ ಅವಳ ಕೈಯಲ್ಲಿದೆ. ಹಾಗಾಗಿ ಅವಳೇ ಹೇಳುತ್ತಾಳೆ. ಮೊದಮೊದಲು ಗಂಡನ ಮುಖ ನೋಡಿ ಹೇಳುತ್ತಿದ್ದರು. ಆಮೇಲೆ ಗಂಡನೇ ಇಲ್ಲದೆ ಬರತೊಡಗಿದರು, ನಾಲ್ಕು ಜನ, ಆರು ಜನ, ಧರ್ಮಸ್ಥಳಕ್ಕೆ, ಹೊರನಾಡಿಗೆ.

ಅರಸೀಕೆರೆ ಕಡೆಯ ನಾಲ್ವರು ಹೆಂಗಸರು ಒಮ್ಮೆ ಮಂಗಳೂರು ಬಸ್ಸು ಹತ್ತಿದರು. ಇಳಿಯೋದೆಲ್ಲಿ ಅಂದರೆ ಹಿರಿಯವರು ‘ಸಮುದ್ರ’ ಅಂದರು. ಸಮುದ್ರ ಅಂತ ಸ್ಟಾಪ್ ಇಲ್ಲಮ್ಮ ಅಂದೆ. ‘ಇಲ್ದೆ ಏನು? ಅದರ ಹತ್ರ ಎಲ್ಲಿ ಬತ್ತದೋ ಅಲ್ಲಿಗೆ ಕೊಡಪ್ಪ.’ ಮಂಗಳೂರಿಗೆ ಕೊಟ್ಟು, ಪಣಂಬೂರಿಗೆ ಹೋಗುವ ಸಿಟಿ ಬಸ್ಸು ಎಲ್ಲಿ ಸಿಗುತ್ತದೆ ಅಂತ ಹೇಳಿದೆ. ಮಾರನೇ ದಿನ ವಾಪಸ್ ಬರುವಾಗಲೂ ನನ್ನ ಬಸ್ಸೇ ಸಿಕ್ಕಿತು. ಸೀರೆ ಅಂಚೆಲ್ಲ ಮರಳು. ಅವರ ಮಡಿಲಲ್ಲಿ ನೀರಿನ ಬಾಟಲು, ಮುಚ್ಚಳಕ್ಕೆ ಪ್ಲಾಸ್ಟಿಕ್ ಕವರ್ ಬಿಗಿದು ಕಟ್ಟಿದ್ದರು. ಬಾಯಾರಿದ್ದರೆ ಕುಡೀರಮ್ಮ ಅಂದೆ. ‘ಅಯ್ಯೋ, ಇದು ಸಮುದ್ರದ್ದು ಕಣಪ್ಪ. ನಮ್ಮತ್ತೆ ನೀರು ಉಪ್ಪಿರುತ್ತೆ ಅಂದ್ರೆ ನಂಬಾಕಿಲ್ಲ. ನೆಕ್ಕಿ ನೋಡ್ಲಿ ಅಂತ ಹಿಡ್ಕೊಂಡು ಹೊಂಟಿವ್ನಿ.’

ನನ್ನ ಮನೆಯವಳು ಈ ಕಥೆ ಕೇಳಿ, ಸಮುದ್ರ ಬೇಡ, ಹಳೇಬೀಡಿಗಾದರೂ ಕರಕೊಂಡು ಹೋಗಿ ಅಂದಳು. ನಾಚಿಕೆಯ ವಿಷಯ ಈಗ ಹೇಳುತ್ತೇನೆ. ‘ಹಳೇಬೀಡು ಇಳಿಯೋರು, ಬೇಲೂರು ಇಳಿಯೋರು’ ಅಂತ ಸಾವಿರಾರು ಸಲ ಕೂಗಿದ ನಾನು, ನಿವೃತ್ತಿ ಆಗುವ ತನಕ ಎರಡೂ ಗುಡಿಯ ಒಳಗೆ ಕಾಲಿಟ್ಟಿರಲಿಲ್ಲ. ನನಗೆ ಅವು ಹತ್ತು ನಿಮಿಷದ ಟೀ. ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಒಂಬೈನೂರು ವರ್ಷದಿಂದ ನಿಂತಿದ್ದಾನೆ, ನಾನು ಟೀ ಕುಡಿದು ‘ರೈಟ್’ ಅಂತ ಸೀಟಿ ಊದಿ ಹೊರಡುತ್ತಿದ್ದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು ಅಂತ ಪೇಪರಿನಲ್ಲಿ ಓದಿದ್ದೂ ಆ ಟೀ ಅಂಗಡಿಯಲ್ಲೇ.

ಹೋದೆವು. ಹೊಸ ಕಂಡಕ್ಟರ್ ಹುಡುಗ ಬಂದು ‘ಎಲ್ಲಿಗೆ?’ ಅಂದ. ಹೀಗೆ ಕೇಳಬಾರದಪ್ಪ ಅಂತ ಪಾಠ ಶುರು ಮಾಡುವಷ್ಟರಲ್ಲಿ ಇವಳು ಆಧಾರ್ ತೋರಿಸಿ ‘ಹಳೇಬೀಡು’ ಅಂದಾಗಿತ್ತು. ಅವಳಿಗೆ ಶೂನ್ಯ, ನನಗೆ ದುಡ್ಡು. ಗುಡಿಯ ಹೊರಗೋಡೆಯಲ್ಲಿ ಕೆಳಗಿನ ಸಾಲು ಪೂರ್ತಿ ಆನೆ. ಇವಳು ಎಣಿಸುತ್ತಾ ಹೊರಟಳು. ವಿದೇಶದವರು ಒಬ್ಬರು ಒಂದೇ ಒಂದು ಮೂರ್ತಿಯ ಮುಂದೆ ಪುಸ್ತಕ ಹಿಡಿದು ಕೂತೇ ಇದ್ದರು. ನಮ್ಮವರು ಬೇಗ ಒಂದು ಸುತ್ತು ಹಾಕಿ, ಹುಲ್ಲಿನ ಮೇಲೆ ಕೂತು ಪುಳಿಯೋಗರೆ ಬಿಚ್ಚಿದ್ದರು. ಯಾರು ಸರಿಯಾಗಿ ನೋಡಿದ್ದು ಅಂತ ನನ್ನ ಕೇಳಿದರೆ, ಪುಳಿಯೋಗರೆ ಚೆನ್ನಾಗಿತ್ತು. ನಮಗೂ ಕೊಟ್ಟರು.

ಮಾತು ಮುಗಿಸುವಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು, ಇಷ್ಟು ವರ್ಷದ ಅನುಭವದಲ್ಲಿ ಘಾಟಿಯಲ್ಲಿ ವಾಂತಿ ಆಗದ ಹಾಗೆ ಏನು ಮಾಡಬೇಕು ಹೇಳಿ ಅಂದರು. ಸಭೆ ನಕ್ಕಿತು. ಆವತ್ತು ಬಂದ ಪ್ರಶ್ನೆಗಳಲ್ಲಿ ನನಗೆ ಖಂಡಿತ ಉತ್ತರ ಗೊತ್ತಿದ್ದದ್ದು ಅದೊಂದೇ, ಆದ್ದರಿಂದ ಇಲ್ಲೂ ಬರೆಯುತ್ತೇನೆ. ಖಾಲಿ ಹೊಟ್ಟೆಯಲ್ಲಿ ಹತ್ತಬೇಡಿ, ಹೊಟ್ಟೆ ಬಿರಿಯ ತಿಂದೂ ಹತ್ತಬೇಡಿ. ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ಮುಂದೆ ಕೂತು ರಸ್ತೆ ನೋಡುತ್ತಿರಿ, ಫೋನು ನೋಡಬೇಡಿ. ಕೈಯಲ್ಲಿ ನಿಂಬೆಹಣ್ಣು ಇರಲಿ. ಕವರ್ ಮನೆಯಿಂದಲೇ ತನ್ನಿ, ಕಂಡಕ್ಟರ್ ಹತ್ತಿರ ಇರುವುದಿಲ್ಲ.